ಕಮಲಾಪುರದಿಂದ ಬಂದ ಇಸಿಜಿ

ಆಕ್ಷೇಪಣೆಯ ಟಿಪ್ಪಣಿಯ ಕೊನೆಯ ವಾಕ್ಯವನ್ನು ಒಮ್ಮೆ ಹೊಡೆದುಹಾಕಿ, ಮತ್ತೆ ಹಾಗೆಯೇ ಬರೆದು ಉಳಿಸಿದೆ. ‘ಈ ವ್ಯವಸ್ಥೆಯಿಂದ ಮುಂದೊಂದು ದಿನ ರೋಗಿಯ ಜೀವಕ್ಕೆ ಅಪಾಯವಾದರೆ ಅದಕ್ಕೆ ಕಂಪ್ಯೂಟರ್ ವಿಭಾಗ ಹೊಣೆಯಲ್ಲ.’ ಬರೆಯುವಾಗ ಯಾವ ರೋಗಿಯೂ ನನ್ನ ಕಣ್ಣ ಮುಂದೆ ಇರಲಿಲ್ಲ. ಸೋಲುತ್ತಿರುವ ವಾದಕ್ಕೆ ಸ್ವಲ್ಪ ತೂಕ ಬರಲಿ ಎಂದು ಬರೆದ ಮಾತು ಅದು.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ಕಲಬುರಗಿಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನೊಬ್ಬ, ಮತ್ತು ಮೆಟ್ಟಿಲ ಕೆಳಗಿನ ಒಂದು ಕೋಣೆ. ಕಮಲಾಪುರದಲ್ಲಿ ಅದೇ ಟ್ರಸ್ಟಿನ ಸಣ್ಣ ದವಾಖಾನೆಯೊಂದಿತ್ತು. ಅಲ್ಲಿ ಹೃದಯದ ಡಾಕ್ಟರು ಇರಲಿಲ್ಲ. ಎದೆನೋವು ಎಂದು ಬಂದವರ ಇಸಿಜಿಯನ್ನು ಅಲ್ಲಿಯೇ ತೆಗೆದು ಟೆಲಿಫೋನ್ ತಂತಿಯ ಮೇಲೆ ಕಲಬುರಗಿಗೆ ಕಳಿಸುವುದು, ಇಲ್ಲಿಯ ಡಾಕ್ಟರು ಕಂಪ್ಯೂಟರಿನಲ್ಲಿ ನೋಡಿ ಮುಂದಿನದ್ದನ್ನು ಹೇಳುವುದು. ಯೋಜನೆ ಇಷ್ಟೇ. ಇಸಿಜಿ ಯಂತ್ರ ಬಂತು, ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಮೋಡೆಮ್‌ಗಳು ಬಂದವು. ಆದರೆ ಇಲ್ಲಿ ಫೈಲನ್ನು ಪಡೆದುಕೊಳ್ಳುವ ಕಂಪ್ಯೂಟರನ್ನು ವಿಂಡೋಸ್ ಎಂಬ ಮೂಲ ತಂತ್ರಾಂಶ ನಡೆಸಬೇಕೋ ಲಿನಕ್ಸ್ ಎಂಬುದು ನಡೆಸಬೇಕೋ ಎಂಬಲ್ಲಿ ಜಗಳ ಹತ್ತಿತು.

ಲಿನಕ್ಸ್ ನನ್ನ ಪಕ್ಷ. ವಿಂಡೋಸ್ ಪಕ್ಷದಲ್ಲಿ ನಿಂತವರು ಕಮಲಾಪುರದ ತಂತ್ರಜ್ಞರು. ಅಲ್ಲಿಯ ಇಸಿಜಿ, ಕಂಪ್ಯೂಟರ್, ಜನರೇಟರ್ ಎಲ್ಲ ಅವರ ಕೈಯಲ್ಲೇ. ಅವರ ಮನೆತನದ್ದು ಕಿರಾಣಿ ವ್ಯಾಪಾರ. ಅಣ್ಣ ಅಂಗಡಿಯಲ್ಲಿ ಕುಳಿತರೆ ಇವರು ಡಿಪ್ಲೊಮಾ ಓದಿ ಈ ಕೆಲಸಕ್ಕೆ ಬಂದಿದ್ದರು. ನಾನು ಅವರನ್ನು ಸಾವ್ಕಾರರು ಎನ್ನುತ್ತಿದ್ದೆ, ಅವರು ನನ್ನನ್ನು ರಾಯರು ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಪ್ರತಿ ಶನಿವಾರ ವರದಿ ಕೊಡಲು ಬಸ್ಸಿನಲ್ಲಿ ಬರುವಾಗ ತಮ್ಮೂರಿನ ಕೆಂಪು ಬಾಳೆಹಣ್ಣನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟು, ಹಣ್ಣು ಸುಲಿಯುವ ಮೊದಲೇ ವಾದ ಸುರು ಮಾಡುತ್ತಿದ್ದರು.

ಕೊನೆಗೆ ಆ ವಾದ ಹೃದಯದ ಡಾಕ್ಟರ ಕೋಣೆಗೆ ಹೋಯಿತು. ಆಡಳಿತಾಧಿಕಾರಿಯೂ ಕುಳಿತಿದ್ದರು.

ನಾನು ಹೇಳಿದೆ: ನಮ್ಮಲ್ಲಿ ವಿಂಡೋಸ್ ಬಳಸುವ ಎಲ್ಲರೂ ಏನನ್ನು ಬೇಕಾದರೂ ಬದಲಿಸಬಲ್ಲ ಒಡೆಯನ ಅಧಿಕಾರದಲ್ಲೇ ಒಳಗೆ ಹೋಗುತ್ತಾರೆ. ಒಂದು ಕೆಟ್ಟ ಫ್ಲಾಪಿ ಸಿಕ್ಕಿಸಿದರೆ ಸಾಕು, ವೈರಸ್ ಇಡೀ ಯಂತ್ರವನ್ನು ಹಿಡಿಯುತ್ತದೆ. ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರ ತನ್ನ ಕೋಣೆ ಬಿಟ್ಟು ಬೇರೆಡೆ ಕೈಹಾಕಲಾರ. ಇಸಿಜಿ ತೋರಿಸುವ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ, ನಿಜ. ಆದರೆ ನಡುವೆ ಒಂದು ಲಿನಕ್ಸ್ ಯಂತ್ರವನ್ನು ಬಾಗಿಲಿನಂತೆ ಇಡೋಣ. ಹೊರಗಿನಿಂದ ಬಂದ ಫೈಲು ಮೊದಲು ಅಲ್ಲಿ ಇಳಿಯಲಿ.

ಸಾವ್ಕಾರರು ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ಕೀಲಿ ಭಾಳ ಗಟ್ಟಿ ಅದ್ರಿ ರಾಯರ. ಆದ್ರ ಅದರ ಕೀಲಿಕೈ ನಿಮ್ಮ ಕಿಸೆದಾಗ ಒಂದೇ ಅದ. ನೀವು ಊರಿಗೆ ಹೋದ ದಿನ ಇಲ್ಲಿ ಕರಿ ಪರದೆ ಮುಂದ ಕುಂತವರು ಏನ ಮಾಡಬೇಕು? ಒಡೆಯನ ಅಧಿಕಾರ ಎಲ್ಲಾರಿಗೂ ಕೊಟ್ಟವರು ನಾವು. ಕೊಡಬ್ಯಾಡ್ರಿ. ವಿಂಡೋಸಿನ್ಯಾಗೂ ಬ್ಯಾರೆ ಬ್ಯಾರೆ ಬಳಕೆದಾರರನ್ನ ಮಾಡಲಿಕ್ಕೆ ಬರ್ತದ."

"ಮಾಡೂದಿಲ್ಲಲ್ರಿ ಯಾರೂ," ಎಂದೆ.

"ಹಂಗಾದ್ರ ಅದು ಮಷೀನಿನ ತಪ್ಪಲ್ಲ, ನಮ್ಮ ಆಲಸ್ಯ. ಲಿನಕ್ಸಿಗೂ ತೂತು ಬೀಳ್ತಾವ, ಅದಕ್ಕೂ ತ್ಯಾಪಿ ಹಚ್ಚಬೇಕಾಗ್ತದ. ಯಾರ ಹಚ್ತಾರ? ಮತ್ತ ನೀವ."

ಡಾಕ್ಟರು ಗಡಿಯಾರ ನೋಡಿದರು. "ನನಗ ಗೆರಿ ಕಾಣಬೇಕ್ರಿ, ಅಷ್ಟ. ಒತ್ತಿದ್ರ ತೆರೀಬೇಕು. ಉಳಿದದ್ದು ನಿಮ್ಮ ನಿಮ್ಮಾಗ ನೋಡಿಕೊಳ್ರಿ."

ತೀರ್ಮಾನ ಅಲ್ಲಿಗೆ ಮುಗಿಯಿತು. ಒಂದೇ ಕಂಪ್ಯೂಟರ್, ವಿಂಡೋಸ್, ಆಸ್ಪತ್ರೆಯ ಉಳಿದ ಯಂತ್ರಗಳ ಜಾಲಕ್ಕೇ ಜೋಡಣೆ. ನಿರ್ವಹಣೆಯ ಕರಾರು ಯಂತ್ರ ಮಾರಿದ ಹೈದರಾಬಾದಿನ ಕಂಪನಿಗೆ. ಅವರ ಒಪ್ಪಿಗೆ ಇಲ್ಲದೆ ಯಾರೂ ಅದರಲ್ಲಿ ಏನನ್ನೂ ಸೇರಿಸಕೂಡದು ಎಂದು ಕರಾರಿನಲ್ಲೇ ಇತ್ತು.

ನನ್ನ ಆಕ್ಷೇಪಣೆಯ ಪ್ರತಿಯನ್ನು ಸಾವ್ಕಾರರಿಗೂ ಕೊಟ್ಟೆ. ಓದಿ ನಕ್ಕರು. "ಭಾಳ ದೊಡ್ಡ ಮಾತ ಬರದೀರಿ. ನಡೀರಿ, ಚಹಾ ಕುಡದು ಬರೂಣು." ಸೂಪರ್ ಮಾರ್ಕೆಟ್ ಎಂಬ ಪೇಟೆಯ ಗದ್ದಲದಲ್ಲಿ ಒಂದು ಅಂಗಡಿಯ ಮುಂದೆ ನಿಂತು ಚಹಾ ಕುಡಿದೆವು. ಆಟೋಗಳ ಹಾರ್ನಿನ ನಡುವೆಯೂ ಅವರು ವಾದ ಬಿಡಲಿಲ್ಲ. ನಾನೂ ಬಿಡಲಿಲ್ಲ.

ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಕಮಲಾಪುರದಿಂದ ಇಸಿಜಿಗಳು ಬಂದವು. ಡಾಕ್ಟರು ನೋಡಿದರು. ಒಬ್ಬಿಬ್ಬರ ಜೀವ ಉಳಿಯಿತು ಎಂದು ಆಸ್ಪತ್ರೆಯಲ್ಲಿ ಮಾತಾಡಿಕೊಂಡರು. ಒಂದು ವರ್ಷ ನಾನು ಆ ಟಿಪ್ಪಣಿಯನ್ನು ಮರೆತೇಬಿಟ್ಟಿದ್ದೆ.

ಮರುವರ್ಷದ ಮಳೆಗಾಲದಲ್ಲಿ ಒಂದು ಹೊಸ ಹುಳು ಹಬ್ಬುತ್ತಿದೆ ಎಂದು ಪತ್ರಿಕೆಯಲ್ಲಿ ಬಂತು. ಹುಳು ಎಂದರೆ ಯಾರೂ ಏನನ್ನೂ ತೆರೆಯದಿದ್ದರೂ ಜಾಲದ ಮೂಲಕ ತಾನೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿಯುವ ಕಾರ್ಯಕ್ರಮ. ಅದನ್ನು ತಡೆಯುವ ತಿದ್ದುಪಡಿ ಆಗಲೇ ಬಿಡುಗಡೆಯಾಗಿತ್ತು. ಅದನ್ನು ಇಂಟರ್ನೆಟ್ಟಿನಿಂದ ಇಳಿಸಿ ಸಿಡಿಗೆ ಬರೆದಿಟ್ಟುಕೊಂಡೆ. ನನ್ನ ಕೈಯಲ್ಲಿದ್ದ ಯಂತ್ರಗಳಿಗೆ ಒಂದೊಂದಾಗಿ ಹಾಕತೊಡಗಿದೆ. ಹೃದಯ ವಿಭಾಗದ ಯಂತ್ರಕ್ಕೆ ಹಾಕಲೇ ಎಂದು ಹೈದರಾಬಾದಿಗೆ ಫೋನ್ ಮಾಡಿದರೆ, ತಾವು ಪರೀಕ್ಷೆ ಮಾಡಿ ಹೇಳುವವರೆಗೆ ಮುಟ್ಟಬೇಡಿ ಎಂದರು. ಲಿಖಿತವಾಗಿ ಕೇಳಿದೆ. ಅದೇ ಉತ್ತರ ಬಂತು.

ಆ ದಿನ ಬೆಳಗ್ಗೆ ಆಸ್ಪತ್ರೆಗೆ ಕಾಲಿಡುತ್ತಲೇ ಬಿಲ್ಲಿಂಗ್ ಕೌಂಟರಿನವರು ಕೂಗಿದರು. ಪರದೆಯ ಮೇಲೆ ಒಂದು ಚೌಕ ಮೂಡಿ, ಯಂತ್ರ ಇನ್ನು ಸ್ವಲ್ಪ ಹೊತ್ತಿನಲ್ಲಿ ಬಂದ್ ಆಗುತ್ತದೆ ಎಂದು ಅಂಕಿ ಇಳಿಸುತ್ತಿತ್ತು. ಸೊನ್ನೆಗೆ ಬಂದು ಯಂತ್ರ ಆರಿತು, ತಾನೇ ಹೊತ್ತಿತು, ಕೆಲವೇ ಹೊತ್ತಿನಲ್ಲಿ ಮತ್ತೆ ಅದೇ ಚೌಕ. ಹುಳು ಒಳಗೆ ಬಂದಾಗಿತ್ತು. ಕೌಂಟರಿನ ಮುಂದೆ ಡಿಸ್ಚಾರ್ಜ್ ಆಗಬೇಕಾದವರ ಮನೆಯವರು ಸಾಲುಗಟ್ಟಿದ್ದರು. ಆಡಳಿತಾಧಿಕಾರಿ "ಮೊದಲ ಇದನ್ನ ನೋಡ್ರಿ" ಎಂದರು.

ಇಂಥದಕ್ಕೆ ಮಾಡುವ ಕೆಲಸ ಇದು: ಮೊದಲು ಜಾಲದ ತಂತಿ ಕಿತ್ತು ಯಂತ್ರವನ್ನು ಒಂಟಿ ಮಾಡಬೇಕು. ಓಡುತ್ತಿರುವ ಕಾರ್ಯಕ್ರಮಗಳ ಪಟ್ಟಿಯಲ್ಲಿ ಹುಳುವನ್ನು ಹುಡುಕಿ ನಿಲ್ಲಿಸಬೇಕು, ಅದರ ಫೈಲನ್ನು ಅಳಿಸಬೇಕು, ಸಿಡಿಯಿಂದ ತಿದ್ದುಪಡಿ ಹಾಕಬೇಕು. ಆಮೇಲೆ ಮುಂದಿನ ಯಂತ್ರ. ಒಂದನ್ನು ಬಿಟ್ಟರೂ ಅದು ಉಳಿದವನ್ನು ಕೆಡಿಸುತ್ತದೆ. ಬಿಲ್ಲಿಂಗ್ ಮುಗಿಸಿ ಔಷಧ ವಿಭಾಗಕ್ಕೆ ಹೋದೆ. ಅಲ್ಲಿಗೆ ಹೃದಯ ವಿಭಾಗದ ಆಪರೇಟರ್ ಮೇಡಂ ಹುಡುಕಿಕೊಂಡು ಬಂದರು.

"ಸರ್, ನಮ್ಮ ಕಂಪ್ಯೂಟರ್ ಮುಂಜಾನಿಂದ ಹತ್ತೂದು ಆರೂದು ಮಾಡಾಕತ್ತದ. ಕರೆಂಟಿನ ತೊಂದರಿ ಅಂತ ಮಾಡಿದ್ದೆ. ಎಲೆಕ್ಟ್ರಿಷಿಯನ್ ನೋಡಿ ಹೋಗ್ಯಾನ, ಕರೆಂಟ್ ಸರಿ ಅದ ಅಂತಾನ."

ಅವರ ಹಿಂದೆಯೇ ಹೋದೆ. ಹೈದರಾಬಾದಿನ ಒಪ್ಪಿಗೆಗೆ ಕಾಯಲಿಲ್ಲ. ತಂತಿ ಕಿತ್ತೆ. ಹುಳುವನ್ನು ತೆಗೆದೆ, ತಿದ್ದುಪಡಿ ಹಾಕಿದೆ, ಯಂತ್ರವನ್ನು ಮತ್ತೆ ಹಚ್ಚಿದೆ. ಈ ಸಲ ಅದು ಸುಮ್ಮನೆ ನಿಂತಿತು. ಇಸಿಜಿ ತೋರಿಸುವ ತಂತ್ರಾಂಶ ಸರಿಯಾಗಿದೆಯೇ ನೋಡಬೇಕಿತ್ತು. ಫೈಲುಗಳು ಬಂದು ಬೀಳುವ ಫೋಲ್ಡರ್ ತೆರೆದೆ. ಎಲ್ಲಕ್ಕಿಂತ ಮೇಲೆ ಒಂದು ಹೊಸ ಫೈಲು ಇತ್ತು. ಬೆಳಗ್ಗೆ, ಯಂತ್ರ ಒಮ್ಮೆ ಹೊತ್ತಿ ಮತ್ತೆ ಆರುವ ನಡುವಿನ ಬಿಡುವಿನಲ್ಲಿ ಬಂದು ಬಿದ್ದದ್ದು. ಯಾರೂ ತೆರೆದಿರಲಿಲ್ಲ. ಪರೀಕ್ಷೆಗೆ ಇದೇ ಆಗಲಿ ಎಂದು ಒತ್ತಿದೆ.

ಹಸಿರು ಗೆರೆ ಎಡದಿಂದ ಬಲಕ್ಕೆ ಹರಿಯತೊಡಗಿತು. ನನಗೆ ಇಸಿಜಿ ಓದಲು ಬಾರದು. ಆದರೂ ಒಂದು ವರ್ಷ ನೋಡಿದ ಕಣ್ಣಿಗೆ ಒಂದಿಷ್ಟು ತಿಳಿಯುತ್ತದೆ. ಪ್ರತಿ ಬಡಿತದ ನಂತರ ಕೆಳಗೆ ಇಳಿಯಬೇಕಾದ ಗೆರೆ ಇಳಿಯದೆ ಮೇಲೆಯೇ ನಿಂತಿತ್ತು. ಆಮೇಲೆ ಮೂಲೆಯಲ್ಲಿದ್ದ ಹೆಸರಿನ ಮೇಲೆ ಕಣ್ಣು ಹೋಯಿತು. ಅದು ಸಾವ್ಕಾರರ ಹೆಸರು.

ಅವರೇ ಏನೋ ಪರೀಕ್ಷೆಗೆ ತಮ್ಮ ಹೆಸರು ಹಾಕಿ ಕಳಿಸಿದ್ದಾರೆ ಎಂದುಕೊಂಡೆ. ಅಷ್ಟು ಹೊತ್ತು ಮಾತ್ರ ನಾನು ನೆಮ್ಮದಿಯಾಗಿದ್ದೆ. ಆಪರೇಟರ್ ಮೇಡಂ ಡಾಕ್ಟರನ್ನು ಕರೆತರಲು ಓಡಿದರು. ಡಾಕ್ಟರು ಬಂದು ಪರದೆ ನೋಡಿದವರೇ "ಇದು ಯಾವಾಗಿನದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನ್ ಎತ್ತಿದರು. ಕಮಲಾಪುರದ ಫೋನ್ ಎತ್ತಿದ ಆಯಾ, ಅವರನ್ನು ಜೀಪಿನಲ್ಲಿ ಹಾಕಿಕೊಂಡು ಹೊರಟು ಬಹಳ ಹೊತ್ತಾಯಿತು, ಸಿಸ್ಟರ್ ಜೊತೆಗಿದ್ದಾರೆ ಎಂದಳು.

ಕ್ಯಾಶುಯಲ್ಟಿಯ ಬಾಗಿಲಲ್ಲಿ ನಿಂತೆವು. ಸ್ಟ್ರೆಚರ್ ತಂದಿಟ್ಟಿದ್ದರು. ಕಮಲಾಪುರದ ದಾರಿಯಾದ ಹುಮನಾಬಾದ ರಸ್ತೆಯ ಕಡೆಯಿಂದ ಬರುವ ಪ್ರತಿ ಜೀಪನ್ನೂ ನೋಡಿದೆ. ಕೊನೆಗೆ ಬಂದ ಜೀಪು ಅವಸರವಿಲ್ಲದೆ ಬಂತು. ಆ ನಿಧಾನದಲ್ಲಿಯೇ ಡಾಕ್ಟರಿಗೆ ಗೊತ್ತಾಗಿರಬೇಕು. ಮೆಟ್ಟಿಲಿಳಿಯುತ್ತಿದ್ದವರು ಅಲ್ಲೇ ನಿಂತರು. ಹಿಂದಿನ ಸೀಟಿನಲ್ಲಿ ಸಿಸ್ಟರ್, ಸಾವ್ಕಾರರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. "ನೀವು ನೋಡೀರಿ ಅಂತ ಮಾಡಿದ್ದೆ ಸರ್," ಎಂದರು ಡಾಕ್ಟರಿಗೆ. "ನೀವು ಫೋನ್ ಮಾಡ್ತೀರಿ ಅಂತ ಕಾದ್ನಿ. ಕಡೀಕ ಹೊರಡೂಮುಂದ ನಾ ಮಾಡಿದ್ರ ಯಾರೂ ಎತ್ತಲಿಲ್ಲ."

ಆಪರೇಟರ್ ಮೇಡಂ ನನ್ನನ್ನು ಹುಡುಕಲು ಹೋದ ಹೊತ್ತು ಅದು.

ಸಂಜೆ ಕೋಣೆಗೆ ಬಂದಾಗ ಹೃದಯ ವಿಭಾಗದ ಯಂತ್ರವನ್ನು ಆರಿಸಿರಲಿಲ್ಲ ಎಂದು ನೆನಪಾಯಿತು. ಹೋಗಿ ನೋಡಿದರೆ ಗೆರೆ ಇನ್ನೂ ಹರಿಯುತ್ತಿತ್ತು. ಆ ತಂತ್ರಾಂಶದ ರೀತಿಯೇ ಹಾಗೆ. ನಿಲ್ಲಿಸುವವರೆಗೆ ಅದೇ ತುಣುಕನ್ನು ಮತ್ತೆ ಮತ್ತೆ ಓಡಿಸುತ್ತದೆ. ಶವವನ್ನು ಕಮಲಾಪುರಕ್ಕೆ ಕಳಿಸಿ ಆಗಿತ್ತು. ಇಲ್ಲಿ, ಯಾರೂ ಇಲ್ಲದ ಕೋಣೆಯಲ್ಲಿ, ಅವರ ಎದೆ ಬಡಿಯುತ್ತಲೇ ಇತ್ತು. ಅದನ್ನು ಮುಚ್ಚುವ ಗುಂಡಿ ಒತ್ತಲು ನನ್ನಿಂದಾಗಲಿಲ್ಲ. ಆಪರೇಟರ್ ಮೇಡಂ ಬಂದು ಒತ್ತಿದರು.

ಮಾರನೆಯ ದಿನದಿಂದ ನನಗೆ ಇನ್ನೊಂದು ಕಾಟ ಸುರುವಾಯಿತು. "ರಾಯರು ಮೊದಲೇ ಹೇಳಿದ್ರು" ಎಂಬ ಮಾತು ಆಸ್ಪತ್ರೆಯ ತುಂಬ ಹಬ್ಬಿತು. ಕ್ಯಾಂಟೀನಿನಲ್ಲಿ ಜನ ನನಗೆ ಜಾಗ ಬಿಟ್ಟುಕೊಟ್ಟರು. ಆಡಳಿತಾಧಿಕಾರಿ ನನ್ನ ಹಳೆಯ ಟಿಪ್ಪಣಿಯನ್ನು ಹುಡುಕಿಸಿ ಝೆರಾಕ್ಸ್ ಮಾಡಿಸಿ ಟ್ರಸ್ಟಿನ ಸದಸ್ಯರಿಗೆಲ್ಲ ಹಂಚಿದರು. ಆ ಕೊನೆಯ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆಸಿದ್ದರು.

"ಇನ್ನ ವಿಂಡೋಸ್ ಬ್ಯಾಡ್ರಿ, ಇಡೀ ದವಾಖಾನಿ ಲಿನಕ್ಸಿಗೆ ಹೋಗಲಿ," ಎಂದರು ನನ್ನನ್ನು ಕರೆದು. "ಯಾಕ ಹಿಂಗಾತು ಅಂತ ಒಂದ್ ವರದಿ ಬರೀರಿ. ಬರಿಯೂದೇನದ, ನೀವು ಮೊದಲ ಬರದದ್ದನ್ನ ಜರಾ ಉದ್ದ ಮಾಡ್ರಿ, ಸಾಕು."

ಒಂದು ವರ್ಷದ ಹಿಂದೆ ಈ ಮಾತಿಗಾಗಿ ನಾನು ಏನು ಬೇಕಾದರೂ ಕೊಡುತ್ತಿದ್ದೆ. ಈಗ ಬರೆಯಲು ಕುಳಿತರೆ, ಒಂದು ವಾಕ್ಯ ಮುಗಿಸುವುದರೊಳಗೆ ಸಾವ್ಕಾರರ ದನಿ ಎದುರು ಹೇಳುತ್ತಿತ್ತು. ‘ಹುಳು ಒಳಗೆ ಬಂದದ್ದು ವಿಂಡೋಸಿನ ದೋಷದಿಂದ’ ಎಂದು ಬರೆದರೆ, ತಿದ್ದುಪಡಿ ಬಂದಿತ್ತಲ್ರಿ ರಾಯರ, ಹಾಕಲಿಲ್ಲ ಅಷ್ಟ, ಎನ್ನುತ್ತಿತ್ತು. ‘ಲಿನಕ್ಸ್ ಬಾಗಿಲು ಇದ್ದಿದ್ದರೆ ಈ ಸಾವು ತಪ್ಪುತ್ತಿತ್ತು’ ಎಂದು ಬರೆದರೆ, ಹೆಂಗ, ತೋರಸ್ರಿ, ಎನ್ನುತ್ತಿತ್ತು. ಶನಿವಾರ ಬಂದಾಗ ಯಾರೋ ಮೆಟ್ಟಿಲಿಳಿದು ಬರುವ ಸಪ್ಪಳಕ್ಕೆ ತಲೆ ಎತ್ತಿದೆ. ಬಂದವನು ಅಂಚೆಯವನು.

ತೋರಿಸಲೇಬೇಕು ಅನ್ನಿಸಿತು. ಹಳೆಯ ಯಂತ್ರವೊಂದಕ್ಕೆ ಲಿನಕ್ಸ್ ಹಾಕಿ, ಅಂದು ನಾನು ಕೇಳಿದ್ದ ಹಾಗೆಯೇ ಮೋಡೆಮ್ಮಿಗೆ ಜೋಡಿಸಿ, ಹೃದಯ ವಿಭಾಗದ ಯಂತ್ರದ ಮುಂದೆ ಬಾಗಿಲಿನಂತೆ ನಿಲ್ಲಿಸಿದೆ. ಹೃದಯ ವಿಭಾಗದ ಯಂತ್ರವನ್ನು ಆಸ್ಪತ್ರೆಯ ಜಾಲದಿಂದ ಬಿಡಿಸಿದೆ. ಯಾರಿಗೂ ಹೆಚ್ಚು ಹೇಳಲಿಲ್ಲ. ಕಮಲಾಪುರದ ಬಸ್ಸು ಹತ್ತಿದೆ.

ಅಲ್ಲಿಯ ಕಂಪ್ಯೂಟರಿನ ಪಕ್ಕದ ಗೋಡೆಗೆ ಸಾವ್ಕಾರರು ಸಿಸ್ಟರಿಗಾಗಿ ಕನ್ನಡದಲ್ಲಿ ಬರೆದು ಹಚ್ಚಿದ್ದ ಚೀಟಿಗಳಿದ್ದವು. ‘ಮೊದಲು ಇದನ್ನು ಒತ್ತಿ.’ ‘ಹೆಸರು ಇಲ್ಲಿ.’ ‘ಕರ್ರ್ ಎಂಬ ಸಪ್ಪಳ ಬಂದರೆ ಹೆದರಬೇಡಿ, ಫೋನ್ ಹತ್ತುತ್ತಿದೆ.’ ಎಲ್ಲಕ್ಕಿಂತ ಕೆಳಗಿನದು: ‘ಹೋಯಿತು ಎಂದು ಬಂದರೆ ನಿಶ್ಚಿಂತೆ.’ ಕಂಪನಿಯ ತಂತ್ರಾಂಶ ಇಂಗ್ಲಿಷಿನಲ್ಲಿ ತೋರಿಸುತ್ತಿದ್ದ ಆ ಸಂದೇಶವನ್ನು ಕನ್ನಡಕ್ಕೆ ಬದಲಿಸಿಕೊಂಡವರೂ ಅವರೇ. ಅಂದು ಬೆಳಗ್ಗೆ ಸಿಸ್ಟರ್ ಒಬ್ಬರೇ ಆ ಚೀಟಿಗಳನ್ನು ಓದುತ್ತ ಒಂದೊಂದನ್ನೇ ಮಾಡಿದ್ದರು.

"ನನ್ನ ಇಸಿಜಿ ತೆಗೀರಿ ಸಿಸ್ಟರ್," ಎಂದೆ. "ಅವತ್ತು ಹೆಂಗ ಮಾಡಿದ್ರಿ ಹಂಗ. ಹೆಚ್ಚಿಲ್ಲ, ಕಡಿಮಿ ಇಲ್ಲ."

ಅದೇ ಮಂಚದ ಮೇಲೆ ಮಲಗಿದೆ. ಎದೆಗೆ ತಣ್ಣನೆಯ ಜೆಲ್ ಹಚ್ಚಿದರು. ಮೇಲೆ ಪತ್ರಾಸ್ ತಗಡಿನ ಸೂರು, ಒಂದು ಫ್ಯಾನು. ಅವರು ಕೊನೆಗೆ ನೋಡುತ್ತ ಮಲಗಿದ್ದು ಇದನ್ನೇ ಎಂಬ ಯೋಚನೆ ಬಂದು ಕಣ್ಣು ಮುಚ್ಚಿಕೊಂಡೆ. ಮೋಡೆಮ್ ಕರ್ರ್ ಎಂದಿತು. ಸಿಸ್ಟರ್ ಮೆಲ್ಲಗೆ "ಹೋತ್ರಿ" ಎಂದರು.

ಕಲಬುರಗಿಗೆ ಮರಳಿದಾಗ ಬಿಸಿಲು ಇಳಿಯುತ್ತಿತ್ತು. ನೇರ ಹೃದಯ ವಿಭಾಗಕ್ಕೆ ಹೋದೆ. ಲಿನಕ್ಸ್ ಯಂತ್ರ ಒಂದು ಕೂದಲೂ ಕೊಂಕದೆ ಓಡುತ್ತಿತ್ತು. ಅದರ ದಾಖಲೆಯಲ್ಲಿ ಎಲ್ಲ ಸರಿಯಾಗಿತ್ತು: ಕರೆ ಬಂತು, ಫೈಲು ಬಂತು, ಪರೀಕ್ಷೆಯಾಯಿತು, ಮುಂದಿನ ಯಂತ್ರಕ್ಕೆ ಸೇರಿತು. ಮುಂದಿನ ಯಂತ್ರದ ಫೋಲ್ಡರಿನಲ್ಲಿ ನನ್ನ ಹೆಸರಿನ ಫೈಲು ಇತ್ತು. ಯಾರೂ ತೆರೆದಿರಲಿಲ್ಲ. ಡಾಕ್ಟರು ಮನೆಗೆ ಹೋಗಿಯಾಗಿತ್ತು. ಹುಳು ಇಲ್ಲದ ದಿನ, ವಿದ್ಯುತ್ತು ಹೋಗದ ದಿನ, ನಾನು ಕೇಳಿದ್ದ ವ್ಯವಸ್ಥೆಯೇ ಇದ್ದ ದಿನ, ನನ್ನ ಇಸಿಜಿ ಮಧ್ಯಾಹ್ನ ಪೂರ್ತಿ ಅಲ್ಲಿ ಬಿದ್ದಿತ್ತು.

ಆಪರೇಟರ್ ಮೇಡಂ ಗಾಬರಿಯಾದರು. "ನನಗ ಹೆಂಗ ಗೊತ್ತಾಗಬೇಕ್ರಿ ಸರ್? ಬಂದದ ಅಂತ ಅವರು ಫೋನ್ ಮಾಡ್ತಿದ್ರಲ್ರಿ."

"ಯಾರು?"

"ಸಾವ್ಕಾರರು. ಪ್ರತಿ ಸಲ ಕಳಿಸಿದ ಮ್ಯಾಲ ಫೋನ್ ಮಾಡಿ, ಹೆಸರು ಹೇಳಿ, ಡಾಕ್ಟರನ್ನ ಕರೀರಿ ಅಂತಿದ್ರು. ಡಾಕ್ಟರು ಬರೂತನಕ ಫೋನ್ ಇಡ್ತಿದ್ದಿಲ್ಲ. ಎತ್ತಲಿಲ್ಲಂದ್ರ ದವಾಖಾನಿ ಟೆಲಿಫೋನ್ ಬೋರ್ಡಿಗೆ ಮಾಡ್ತಿದ್ರು, ಬೋರ್ಡಿನವ್ರು ಎತ್ತಲಿಲ್ಲಂದ್ರ ಔಷಧ ಅಂಗಡಿಗೆ ಮಾಡಿ ಯಾರನ್ನರೆ ಓಡಸ್ತಿದ್ರು."

ಆ ಫೋನಿನ ವಿಷಯ ಯಾವ ಯೋಜನೆಯಲ್ಲೂ ಇರಲಿಲ್ಲ. ಕರಾರಿನಲ್ಲಿ ಇರಲಿಲ್ಲ. ಗೋಡೆಯ ಚೀಟಿಯಲ್ಲಿಯೂ ಇರಲಿಲ್ಲ. ತಾವು ಇರುವಾಗ ಅದನ್ನು ಬರೆಯಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ಒಂದು ವರ್ಷ ಯಂತ್ರ ಮಾಡುತ್ತಿದೆ ಎಂದು ನಾವೆಲ್ಲ ಅಂದುಕೊಂಡಿದ್ದ ಕೆಲಸವನ್ನು ಅವರೇ ಮಾಡುತ್ತಿದ್ದರು. ಅಂದು ಅವರು ಮಂಚದ ಮೇಲಿದ್ದರು, ಆದ್ದರಿಂದ ಯಾರೂ ಫೋನ್ ಹಿಡಿದು ಕೂಡಲಿಲ್ಲ. ನಾವಿಬ್ಬರೂ ಅಷ್ಟು ಶನಿವಾರ ಯಾವ ವ್ಯವಸ್ಥೆ ಭದ್ರ ಎಂದು ಕಿತ್ತಾಡಿದೆವು. ಭದ್ರವಾಗಿದ್ದದ್ದು ಅವರು.

ವರದಿಯನ್ನು ಮೊದಲಿನಿಂದ ಬರೆದೆ. ಹುಳುವಿನ ವಿಷಯ, ತಡವಾದ ತಿದ್ದುಪಡಿಯ ವಿಷಯ, ಎಲ್ಲವೂ ಅದರಲ್ಲಿದ್ದವು. ಜೊತೆಗೆ ನನ್ನ ಪರೀಕ್ಷೆಯನ್ನೂ ಬರೆದೆ. ನಾನು ಸೂಚಿಸಿದ್ದ ವ್ಯವಸ್ಥೆ ಇದ್ದಿದ್ದರೂ ಫೈಲನ್ನು ಯಾರೂ ನೋಡುತ್ತಿರಲಿಲ್ಲ, ಆದ್ದರಿಂದ ನನ್ನ ಹಳೆಯ ಟಿಪ್ಪಣಿಯನ್ನು ಈ ಸಾವಿನ ಕಾರಣಕ್ಕೆ ಆಧಾರವಾಗಿ ಬಳಸಕೂಡದು ಎಂದು ಬರೆದೆ. ಮುಂದೆ ಮಾಡಬೇಕಾದದ್ದು: ಹೃದಯ ವಿಭಾಗಕ್ಕೆ ಬೇರೆಯದಕ್ಕೆ ಬಳಸದ ಒಂದು ನೇರ ಫೋನು. ಕಮಲಾಪುರದವರು ಮೊದಲು ಮಾತಾಡಿ ಹೆಸರು ಹೇಳಬೇಕು, ಇಲ್ಲಿಯವರು ಆ ಹೆಸರನ್ನು ತಿರುಗಿ ಹೇಳಬೇಕು, ಡಾಕ್ಟರು ಗೆರೆ ನೋಡಿದೆ ಎಂದು ತಮ್ಮ ಬಾಯಿಂದ ಹೇಳುವವರೆಗೆ ಫೋನ್ ಇಡಕೂಡದು. ಲಿನಕ್ಸ್ ಬಾಗಿಲು ಇರಲಿ, ತಿದ್ದುಪಡಿ ಹಾಕುವ ಅಧಿಕಾರ ಆಸ್ಪತ್ರೆಗೇ ಇರಲಿ ಎಂದೂ ಸೇರಿಸಿದೆ. ಆದರೆ ಅದು ಎರಡನೆಯ ಮಾತು.

ಆಡಳಿತಾಧಿಕಾರಿ ಓದಿ ಕನ್ನಡಕ ತೆಗೆದರು. "ಇಷ್ಟೇ ಏನ್ರಿ? ಫೋನ್ ಮಾಡೂದು?"

"ಇಷ್ಟೇ ರೀ."

"ನಿಮ್ಮ ಕೈಲೇ ನಿಮ್ಮ ಮಾತ ಅಳಸಾಕತ್ತೀರಿ. ವಿಚಾರ ಮಾಡ್ರಿ."

ವಿಚಾರ ಮಾಡಿಯಾಗಿತ್ತು. ಸಹಿ ಹಾಕಿಕೊಟ್ಟೆ. ಇಡೀ ಆಸ್ಪತ್ರೆಯನ್ನು ಲಿನಕ್ಸಿಗೆ ಒಯ್ಯುವ ಮಾತು ಅಲ್ಲಿಗೇ ತಣ್ಣಗಾಯಿತು. ಫೋನು ಮಾತ್ರ ಬಂತು. ಅದರಲ್ಲಿ ಕಮಲಾಪುರದಿಂದ ಮೊದಲ ನಿಜವಾದ ಕರೆ ಬಂದಾಗ ನಾನು ಅಲ್ಲೇ ನಿಂತಿದ್ದೆ. ಸಿಸ್ಟರ್ ಒಬ್ಬ ಮುದುಕರ ಹೆಸರು ಹೇಳಿದರು, ಆಪರೇಟರ್ ಮೇಡಂ ಅದನ್ನು ಗಟ್ಟಿಯಾಗಿ ತಿರುಗಿ ಹೇಳಿದರು, ಡಾಕ್ಟರು ಓಡಿಬಂದರು. ಆ ಮುದುಕರು ಬದುಕಿದರು. ಆದರೆ ಹೆಸರು ತಿರುಗಿ ಹೇಳುವ ಆ ಕ್ಷಣದಲ್ಲಿ ನನ್ನ ಕಿವಿ ಬೇರೊಂದು ಹೆಸರಿಗೆ ಕಾದಿತ್ತು. ಆ ಕೆಲಸ ಬಿಡುವವರೆಗೂ ಹಾಗೆ ಕಾಯುವುದು ನಿಲ್ಲಲಿಲ್ಲ.

ಅದಾದ ಕೆಲವು ದಿನಗಳಿಗೆ ಸಿಸ್ಟರ್ ಫೋನಿನಲ್ಲಿ ಇನ್ನೊಂದು ಸುದ್ದಿ ಹೇಳಿದರು. ನನ್ನ ಟಿಪ್ಪಣಿಯ ಝೆರಾಕ್ಸ್ ಹಂಚಿದ ಮಾತು ಕಮಲಾಪುರವನ್ನೂ ಮುಟ್ಟಿತ್ತು. ಅವ ಹಟ ಹಿಡಿದು ತಂದ ಮಷೀನೇ ಅವನ್ನ ತಿಂತು ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ಅವರ ಅಣ್ಣನೂ ಅದನ್ನೇ ಅನ್ನುತ್ತಿದ್ದರು. ಸಾವ್ಕಾರರ ಹೆಂಡತಿ ಅಲ್ಲಿಯ ಶಾಲೆಯಲ್ಲಿ ಟೀಚರು. ಅವರು ಶಾಲೆಗೆ ಹೋಗುವುದನ್ನೂ ಯಾರೊಂದಿಗಾದರೂ ಮಾತಾಡುವುದನ್ನೂ ಬಿಟ್ಟಿದ್ದರು.

ವರದಿಯ ಪ್ರತಿ ತೆಗೆದುಕೊಂಡು ಅವರ ಮನೆಗೆ ಹೋದೆ. ಅಣ್ಣ ಅಂಗಡಿಯಿಂದ ಎದ್ದು ಬಂದು ಜಮಖಾನೆ ಹಾಸಿ ಕೂಡಿಸಿದರು. ಟೀಚರು ಅಡಿಗೆಮನೆಯ ಬಾಗಿಲ ಹತ್ತಿರ ನಿಂತರು. ನಾನು ಎಲ್ಲವನ್ನೂ ಹೇಳಿದೆ. ಹುಳು, ಪರೀಕ್ಷೆ, ನನ್ನ ಇಸಿಜಿ ಯಾರೂ ನೋಡದೆ ಬಿದ್ದದ್ದು, ವರ್ಷವಿಡೀ ಅವರೇ ಫೋನ್ ಹಿಡಿದು ಎಲ್ಲರನ್ನೂ ಓಡಿಸುತ್ತಿದ್ದದ್ದು. "ಅವರ ಮಷೀನ್ ತಪ್ಪಲ್ರಿ ಅಣ್ಣಾವ್ರ. ನನ್ನ ಮಷೀನ್ ಇಟ್ಟಿದ್ರೂ ಹಿಂಗ ಆಗ್ತಿತ್ತು. ನಾನ ಇಟ್ಟು ನೋಡೀನಿ."

ಅಣ್ಣ ಕೈಮುಗಿದರು. "ನೀವು ದೊಡ್ಡ ಮನಸಿನವರು ರಾಯರ. ಸತ್ತವನ ಮ್ಯಾಲ ತಪ್ಪು ಹಾಕಬಾರದಂತ ಹಿಂಗ ಹೇಳಾಕತ್ತೀರಿ. ನಮಗ ಗೊತ್ತಾಗ್ತದ."

ಇಲ್ಲ, ಇದು ಖರೆ ಎಂದೆ. ವರದಿಯ ಪುಟ ತೆಗೆದು ತೋರಿಸಿದೆ. ಅವರು ತಲೆಯಾಡಿಸುತ್ತ ಮತ್ತೆ ಕೈಮುಗಿದರು. ನಾನು ಎಷ್ಟು ಹೇಳಿದರೆ ಅಷ್ಟು ನನ್ನ ಒಳ್ಳೆಯತನವೇ ಅವರಿಗೆ ಕಾಣುತ್ತಿತ್ತು. ಸುಳ್ಳನ್ನು ನಂಬಿಸುವುದು ಕಷ್ಟ ಎಂದು ತಿಳಿದಿದ್ದೆ. ಅಂದು ಆ ಜಮಖಾನೆಯ ಮೇಲೆ ಕುಳಿತು ನಿಜವನ್ನು ನಂಬಿಸಲು ಆಗದೆ ಬೆವತೆ.

ಚಹಾ ಕುಡಿದು ಎದ್ದೆ. ಬಸ್ ನಿಲ್ದಾಣದವರೆಗೆ ಬರುತ್ತೇನೆಂದು ಟೀಚರು ಸೆರಗು ಹೊದ್ದುಕೊಂಡು ಹೊರಬಿದ್ದರು. ನಿಲ್ದಾಣದಲ್ಲಿ ಹುಮನಾಬಾದ ಕಡೆಯ ಬಸ್ಸೊಂದು ಹೋಗಿ ಧೂಳು ಇಳಿಯಿತು. ಆಗ ಕೇಳಿದರು.

"ರಾಯರ, ನನಗ ಒಂದ ಹೇಳ್ರಿ. ನೀವು ಲಿನಕ್ಸಿನವರು, ನನ್ನ ಖುಷಿ ಮಾಡಾಕ ಹೇಳಬ್ಯಾಡ್ರಿ. ಅವತ್ತು ಮಂಚದ ಮ್ಯಾಲೆ ಇದ್ದಾಗ ಹೋತೇನು, ಹೋತೇನು ಅಂತ ಅದನ್ನ ಒಂದ ಕೇಳಾಕತ್ತಿದ್ರಂತ. ಸಿಸ್ಟರ್ ಹೋತ್ರಿ ಅಂದ ಮ್ಯಾಲ ಸಮಾಧಾನ ಆದ್ರಂತ. ಇನ್ನ ಡಾಕ್ಟರ್ ನೋಡ್ತಾರ, ಗಾಬರಿ ಆಗಬ್ಯಾಡ್ರಿ ಅಂತ ಸಿಸ್ಟರಿಗೇ ಧೈರ್ಯ ಹೇಳಿದ್ರಂತ. ಅದು ಖರೇನ ಹೋಗಿತ್ತೇನ್ರಿ? ಇಲ್ಲಾ ಅದೂ ಸುಳ್ಳ?"

"ಹೋಗಿತ್ರಿ ವೈನಿ," ಎಂದೆ. "ಪೂರ್ತಿ ಮುಟ್ಟಿತ್ತು. ನಾನ ತೆರದು ನೋಡೀನಿ. ಒಂದ ಗೆರೀನೂ ಕಡಿಮಿ ಆಗಿದ್ದಿಲ್ಲ."

ಅವರು ಒಂದು ಸಲ ತಲೆಯಾಡಿಸಿದರು. ಅಣ್ಣನ ಹಾಗೆ ಅಲ್ಲ; ನಂಬಿದವರ ಹಾಗೆ. ಬಸ್ಸು ಬಂತು. ನಾನು ಹತ್ತಿ ಕುಳಿತು ಕಿಟಕಿಯಿಂದ ನೋಡಿದಾಗ, ಅವರು ಮನೆಯ ದಾರಿ ಹಿಡಿಯದೆ ಶಾಲೆಯ ಕಡೆಗೆ ನಡೆಯುತ್ತಿದ್ದರು.